ಗೋಕುಲ ರಸ್ತೆಯಿಂದ ಘಟ್ಟದ ಬುಡಕ್ಕೆ

(ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಿದ್ಯಾರ್ಥಿಗಳು ಹಾಗೂ ಮಲೆನಾಡಿನ ಗ್ರಾಮಸ್ಥರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)



ಈ ಸಭೆ ಸೇರಿರುವ ಗೋಕುಲ ರಸ್ತೆಗೆ ಪ್ರಯಾಣವೇ ಕಸುಬು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲಿದೆ, ದೂರದ ಊರುಗಳ ಬಸ್ಸುಗಳು ಹೊರಡುವ ನಿಲ್ದಾಣ ಇಲ್ಲಿದೆ, ವಿಮಾನ ನಿಲ್ದಾಣವೂ ಇದೇ ರಸ್ತೆಯಲ್ಲಿದೆ. ನಡುನಡುವೆ ಕಾರು ಮಾರುವ ಮಳಿಗೆಗಳು, ಗ್ಯಾರೇಜುಗಳು, ಟಯರಿನ ಅಂಗಡಿಗಳು. ಹೊಸ ಕಾರಿನ ಗಾಲಿಯಡಿ ನಿಂಬೆಹಣ್ಣು ಇಟ್ಟು ಹೊರಡುವವರನ್ನು ಇಲ್ಲಿ ದಿನವೂ ಕಾಣಬಹುದು. ಹಾಗೆ ಹೊರಟವರಲ್ಲಿ ಕೆಲವರು ಜೊತೆಗಾರರಿಲ್ಲದೆ, ಒಬ್ಬರೇ ಚಕ್ರ ಹಿಡಿದು ದಕ್ಷಿಣ ಭಾರತವನ್ನು ಸುತ್ತಿ ಬರುವ ಹಂಬಲ ಉಳ್ಳವರು. ಆ ಹಂಬಲವನ್ನು ಹಳಿಯುವುದು ಈ ಮಾತುಗಳ ಉದ್ದೇಶವಲ್ಲ. ನೆಲವನ್ನು ಕಣ್ಣಾರೆ ನೋಡಬೇಕೆಂಬುದು ಒಳ್ಳೆಯ ಆಸೆಯೇ. ಆದರೆ ಒಂಟಿ ಚಾಲಕನಿಗೆ ಒಂದು ತೊಡಕು ಉಂಟು. ಅವನ ಕಣ್ಣು ಡಾಂಬರಿನ ಮೇಲಿರಲೇಬೇಕು. ಪಕ್ಕದಲ್ಲಿ ಕುಳಿತು ಗುಡ್ಡವನ್ನು ನೋಡಿ ಹೇಳುವವರು ಯಾರೂ ಇಲ್ಲ. ಹೀಗಾಗಿ ಅವನು ಸಾವಿರ ಕಿಲೋಮೀಟರ್ ಓಡಿಸಿಯೂ ನೆಲವನ್ನು ನೋಡದೆ ಮರಳುವ ಸಂಭವವಿದೆ. ಪಕ್ಕದ ಆಸನದಿಂದ ಹೇಳಬೇಕಾದ ಮಾತುಗಳನ್ನು ಇಂದು ಇಲ್ಲಿ ಹೇಳುವ ಪ್ರಯತ್ನ ನಡೆದಿದೆ.

ಇದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಪ್ರವಾಸಕಥನವಲ್ಲ. ಬಹುಮಂದಿ ಹಿಡಿಯುವ ದಾರಿಯೊಂದನ್ನು ಮಾತಿಗೆ ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ಹುಬ್ಬಳ್ಳಿಯಿಂದ ಯಲ್ಲಾಪುರದ ಮೂಲಕ ಘಟ್ಟ ಇಳಿದು ಅಂಕೋಲೆ; ಅಲ್ಲಿಂದ ಕರಾವಳಿಗುಂಟ ಮಂಗಳೂರು, ಕಾಸರಗೋಡು, ಮಲಪ್ಪುರಂ; ಮತ್ತೆ ಘಟ್ಟ ಹತ್ತಿ ವಯನಾಡು, ಬಂಡೀಪುರ, ಮೈಸೂರು; ಕೊನೆಗೆ ಬಯಲಿನ ಹೆದ್ದಾರಿಯಲ್ಲಿ ದಾವಣಗೆರೆ, ಹಾವೇರಿಯನ್ನು ಹಾದು ಮರಳಿ ಗೋಕುಲ ರಸ್ತೆಗೆ. ಸಹ್ಯಾದ್ರಿಯನ್ನು ಒಮ್ಮೆ ಇಳಿದು ಒಮ್ಮೆ ಏರುವ ಸುತ್ತು ಇದು.

ಹುಬ್ಬಳ್ಳಿ ಕುಳಿತಿರುವ ಜಾಗ ಕೃಷಿಯ ದೃಷ್ಟಿಯಿಂದ ಒಂದು ಹೊಸ್ತಿಲು. ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದದ ಎರೆಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ, ಮಳೆಯಲ್ಲಿ ಉಬ್ಬುವ ಮಣ್ಣು. ಪಶ್ಚಿಮಕ್ಕೆ ಕಲಘಟಗಿಯ ಮಸಾರಿ ನೆಲ, ಭತ್ತದ ಗದ್ದೆ. ಕಲಘಟಗಿ ದಾಟಿ ಕಿರವತ್ತಿಯ ಕಡೆ ಸಾಗಿದಂತೆ ಸಾಗುವಾನಿ ಮರಗಳು ರಸ್ತೆಯ ಎರಡೂ ಬದಿಗೆ ನಿಲ್ಲುತ್ತವೆ. ಅರೆಮಲೆನಾಡು ಮುಗಿದು ಮಲೆನಾಡು ತೊಡಗಿತೆಂಬುದಕ್ಕೆ ಬೇರೆ ಫಲಕ ಬೇಕಿಲ್ಲ. ಹುಬ್ಬಳ್ಳಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700ರಿಂದ 800 ಮಿಲಿಮೀಟರ್. ಎಪ್ಪತ್ತು ಕಿಲೋಮೀಟರಿನ ಆಚೆ ಯಲ್ಲಾಪುರದಲ್ಲಿ ಅದರ ಮೂರು ಪಟ್ಟು. ಅಂಕೋಲೆಯ ತೀರದಲ್ಲಿ ನಾಲ್ಕು ಪಟ್ಟಿಗೂ ಮಿಗಿಲು. ಕಾರು ಎರಡೂವರೆ ಮೂರು ಗಂಟೆಗಳಲ್ಲಿ ದಾಟುವ ಈ ಅಂತರವನ್ನು ಮಳೆಯ ಲೆಕ್ಕದಲ್ಲಿ ನೋಡಿದರೆ ಅದು ಬೇರೊಂದು ದೇಶಕ್ಕೆ ಹೋದಂತೆ. ರಸ್ತೆ ಕಟ್ಟುವ ನಿಯಮ ಮಾತ್ರ ಎರಡೂ ಕಡೆ ಒಂದೇ ಆಗಿರುವುದುಂಟು. ತೊಂದರೆಯ ಮೊದಲ ಎಳೆ ಇಲ್ಲಿದೆ.

ಇನ್ನೊಂದು ಸಂಗತಿಯನ್ನು ಚಾಲಕ ತಿಳಿದಿರುವುದು ಅಪರೂಪ. ಈ ದಾರಿಯುದ್ದಕ್ಕೂ ಅವನ ಜೊತೆಗೆ ಒಂದು ಹೊಳೆ ಬರುತ್ತಿರುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ, ಹುಬ್ಬಳ್ಳಿಯ ಕಡೆಯಿಂದ ಬರುವ ಬೇಡ್ತಿ ಎರಡೂ ಕಲಘಟಗಿಯ ಬಳಿ ಕೂಡುತ್ತವೆ. ಮುಂದೆ ಮಾಗೋಡಿನಲ್ಲಿ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿಯೆಂಬ ಹೆಸರು ಪಡೆದು ಸಮುದ್ರ ಸೇರುವುದು ಅದೇ ನೀರು. ಗಂಗಾವಳಿಯ ಹೆಸರನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಈ ರಸ್ತೆ ಹುಟ್ಟಿದ್ದು ಪ್ರವಾಸಿಗರಿಗಾಗಿ ಅಲ್ಲ, ಹತ್ತಿಗಾಗಿ. ಧಾರವಾಡ ಸೀಮೆಯ ಎರೆಭೂಮಿಯ ನಾಟಿ ಹತ್ತಿಗೆ ಹಳೆಯ ವ್ಯಾಪಾರಿಗಳು ಇಟ್ಟ ಹೆಸರು ‘ಕುಮಟಾ ಹತ್ತಿ’. ಕುಮಟೆಯಲ್ಲಿ ಅದು ಬೆಳೆಯುತ್ತಿರಲಿಲ್ಲ. ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿದು ಅಲ್ಲಿನ ಬಂದರಿನಿಂದ ಹಡಗು ಏರುತ್ತಿತ್ತು, ಅಷ್ಟೇ. ಬೆಳೆದ ಊರಿನ ಹೆಸರು ಅಳಿದು ಸಾಗಿಸಿದ ಊರಿನ ಹೆಸರು ಉಳಿಯಿತು. ಕೃಷಿಕರಿಗೆ ಇದು ಹೊಸ ಅನುಭವವೇನೂ ಅಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ ಇಂಗ್ಲೆಂಡಿನ ಕಣ್ಣು ಧಾರವಾಡದ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರವನ್ನು ಹತ್ತಿಯ ಬಂದರನ್ನಾಗಿ ಮಾಡುವ ಆಲೋಚನೆ ಇತ್ತು. ಆ ಕಾಲದಲ್ಲೇ ಗಾಡಿ ಇಳಿಯುವಂಥ ಘಟ್ಟದ ರಸ್ತೆಗಳು ಬಲಗೊಂಡವು. 1880ರ ದಶಕದ ಕೊನೆಗೆ ರೈಲು ಮರ್ಮಗೋವಾ ಬಂದರನ್ನು ಮುಟ್ಟಿದೊಡನೆ ಹತ್ತಿ ಅತ್ತ ಹೊರಳಿತು. ರಸ್ತೆ ಉಳಿಯಿತು. ಅಂದಿನಿಂದ ಇಂದಿನವರೆಗೂ ಬಯಲಿಗೂ ಬಂದರಿಗೂ ನಡುವೆ ದಾಟಿ ಹೋಗಬೇಕಾದ ಅಡ್ಡಿಯೆಂದೇ ಘಟ್ಟವನ್ನು ಎಣಿಸಲಾಗಿದೆ. ಘಟ್ಟದಲ್ಲಿ ಊರುಗಳಿವೆ, ತೋಟಗಳಿವೆ, ಒರತೆಗಳಿವೆ ಎಂಬುದು ಲೆಕ್ಕಕ್ಕೆ ಬರುವುದು ಕಡಿಮೆ.

ಸಾಗಾಟ ನಿಂತಿಲ್ಲ, ಸರಕು ಬದಲಾಗಿದೆ. 2025ರ ಜನವರಿ 22, ಬುಧವಾರದ ನಸುಕಿನಲ್ಲಿ ಸವಣೂರಿನ ಹಣ್ಣು ತರಕಾರಿ ವ್ಯಾಪಾರಿಗಳು ತಮ್ಮ ಮಾಲಿನ ಜೊತೆಗೇ ಲಾರಿಯಲ್ಲಿ ಕುಳಿತು ಕುಮಟೆಯ ಸಂತೆಗೆ ಹೊರಟಿದ್ದರು. ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ, ಅರಬೈಲ್ ಘಟ್ಟದಲ್ಲಿ, ಲಾರಿ ಕಣಿವೆಗೆ ಉರುಳಿ 10 ಮಂದಿ ಮಡಿದರು. ಎರೆನಾಡಿನಿಂದ ಕುಮಟೆಗೆ ಇಳಿಯುವ ದಾರಿ ಅದೇ. ಹತ್ತಿಯ ಅಂಡಿಗೆಗಳ ಬದಲು ಈಗ ತರಕಾರಿಯ ಮೂಟೆಗಳು, ಮೂಟೆಗಳ ಮೇಲೆ ಮನುಷ್ಯರು. ಗಾಳಿ ಸೇವಿಸಲು ಒಬ್ಬನೇ ಕಾರಿನಲ್ಲಿ ಬರುವವನು ಈ ರಸ್ತೆಯಲ್ಲಿ ಅತಿಥಿ. ಸಂತೆಯ ಲಾರಿ, ಅದಿರಿನ ಲಾರಿ, ಗ್ಯಾಸಿನ ಟ್ಯಾಂಕರು, ಶಾಲೆಗೆ ಮಕ್ಕಳನ್ನು ಒಯ್ಯುವ ಕೆಂಪು ಬಸ್ಸು ಇವೆಲ್ಲ ಅಲ್ಲಿ ದುಡಿಯುತ್ತಿವೆ.

ಘಟ್ಟ ಇಳಿಯುವ ಬಗೆಯ ಕುರಿತು ಎರಡು ಮಾತು. ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೆಯೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಬಸ್ ಚಾಲಕರ ನಿಯಮ. ಕಾಲನ್ನು ಬ್ರೇಕಿನ ಮೇಲೆಯೇ ಇಟ್ಟುಕೊಂಡು ಇಳಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಎಂಜಿನ್ನಿನ ತಡೆ ಮಾತ್ರ ಕಾಯದ ತಡೆ. ಏರುವ ವಾಹನಕ್ಕೆ ದಾರಿ ಬಿಡುವುದು ಇನ್ನೊಂದು ನಿಯಮ. ಏರುತ್ತಿರುವವನು ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಇವು ಪುಸ್ತಕದಲ್ಲೂ ಇವೆ, ಆದರೆ ಗೋಕುಲ ರಸ್ತೆಯಿಂದ ಹೊರಡುವ ಹೊಸ ಕಾರಿನೊಡನೆ ಯಾರೂ ಇವನ್ನು ಹೇಳಿ ಕಳಿಸುವುದಿಲ್ಲ.

ಇದೇ ಘಟ್ಟದಲ್ಲಿ 2021ರ ಜುಲೈ ಮೂರನೆಯ ವಾರ ಸುರಿದ ಮಳೆಗೆ ಗುಡ್ಡ ಕುಸಿದು ಸಂಚಾರ ಕಡಿದುಹೋಯಿತು. ಗುಳ್ಳಾಪುರದಲ್ಲಿ ಗಂಗಾವಳಿಯ ಮೇಲಿನ ಸೇತುವೆ ಕೊಚ್ಚಿಹೋಯಿತು. ಹೆದ್ದಾರಿಯಿಂದ ದೂರದ ಕಳಚೆಯಲ್ಲಿ ಅಡಿಕೆ ತೋಟಗಳು ಮಣ್ಣಿನೊಡನೆ ಜಾರಿದವು, ಮನೆಗಳು ಬಿರುಕು ಬಿಟ್ಟವು. ಹೆದ್ದಾರಿಯ ಮಣ್ಣನ್ನು ಕೆಲವು ದಿನಗಳಲ್ಲಿ ಜೆಸಿಬಿ ಬದಿಗೆ ಸರಿಸಿತು. ಜಾರಿದ ತೋಟವನ್ನು ಬದಿಗೆ ಸರಿಸಿ ಮೊದಲಿನಂತೆ ಮಾಡುವ ಯಂತ್ರ ಇಲ್ಲ.

ಬಾಳೆಗುಳಿಯಲ್ಲಿ ಕರಾವಳಿ ಹೆದ್ದಾರಿ ಎದುರಾಗುತ್ತದೆ. ಹಿಂದೆ ಅದು ಸಂಖ್ಯೆ 17, 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾದ ಬಳಿಕ 66. ಹುಬ್ಬಳ್ಳಿಯಿಂದ ಬಂದ 63 ಈಗ 52. ಊರಿನವರ ಬಾಯಲ್ಲಿ ಹಳೆಯ ಸಂಖ್ಯೆಗಳೇ ಇವೆ. ಎಡಕ್ಕೆ ಕುಮಟೆಯ ಕಡೆ ತಿರುಗಿ ಸ್ವಲ್ಪ ಸಾಗಿದರೆ ಶಿರೂರು. ಒಂದು ಬದಿ ಗುಡ್ಡ, ಇನ್ನೊಂದು ಬದಿ ಗಂಗಾವಳಿ. ನಡುವಿನ ಇಕ್ಕಟ್ಟಿನಲ್ಲಿ ಚತುಷ್ಪಥ. ಅಗಲೀಕರಣಕ್ಕಾಗಿ ಗುಡ್ಡದ ಬುಡವನ್ನು ಕಡಿಯಲಾಗಿತ್ತು. ರಸ್ತೆಯಂಚಿನಲ್ಲಿ ಒಂದು ಚಹಾದಂಗಡಿ, ಅದನ್ನು ನಡೆಸುವ ಕುಟುಂಬ. ರಾತ್ರಿಯೆಲ್ಲ ಓಡಿಸಿ ದಣಿದ ಚಾಲಕರು ಲಾರಿ ನಿಲ್ಲಿಸಿ ವಿರಮಿಸುವ ಜಾಗ ಅದು. 2024ರ ಜುಲೈ 16ರ ಬೆಳಗ್ಗೆ ಗುಡ್ಡ ಜಾರಿತು. ಅಂಗಡಿ, ಅದರಲ್ಲಿದ್ದವರು, ನಿಂತಿದ್ದ ವಾಹನಗಳು ಹೊಳೆಗೆ ಬಿದ್ದವು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರಿನ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಕೇರಳದ ಲಾರಿಯೊಂದು ಅದರ ಚಾಲಕನ ಸಮೇತ ನದಿಯ ತಳದಲ್ಲಿ ದೊರೆತದ್ದು ಸೆಪ್ಟೆಂಬರ್ 25ರಂದು, ಹೂಳೆತ್ತುವ ಯಂತ್ರವನ್ನು ಗೋವೆಯಿಂದ ತರಿಸಿದ ಮೇಲೆ. ಅಲ್ಲಿಗೆ ಎಪ್ಪತ್ತು ದಿನಗಳು ಕಳೆದಿದ್ದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮಡಿದ ಚಾಲಕರು ವೇಗವಾಗಿ ಓಡಿಸುತ್ತಿದ್ದವರಲ್ಲ. ನಿದ್ದೆ ಬಂದರೆ ನಿಲ್ಲಿಸು, ಚಹಾ ಕುಡಿ, ಮುಖ ತೊಳೆದುಕೊ ಎಂದು ಒಂಟಿ ಪ್ರಯಾಣಿಕನಿಗೆ ಎಲ್ಲರೂ ಹೇಳುವ ಬುದ್ಧಿಮಾತನ್ನೇ ಅವರು ಪಾಲಿಸಿದ್ದರು. ತಪ್ಪು ನಿಂತವರದ್ದಲ್ಲ, ನಿಂತ ನೆಲದ ಸ್ಥಿತಿಯದು. ಆ ನೆಲ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯುವುದು ಈ ಕಾರಣಕ್ಕೆ ಅಗತ್ಯ.

ಕರಾವಳಿಯ ಮತ್ತು ಘಟ್ಟದ ಅಂಚಿನ ಬಹಳಷ್ಟು ಗುಡ್ಡಗಳ ಮೇಲ್ಪದರ ಚೀರೆಕಲ್ಲು. ದಕ್ಷಿಣ ಕನ್ನಡದವರು ಅದನ್ನು ಮುರಕಲ್ಲು ಎನ್ನುತ್ತಾರೆ. ಅದು ಗಟ್ಟಿ, ಆದರೆ ತೂತುತೂತು. ಮಳೆಯ ನೀರು ಅದರ ಮೂಲಕ ಕೆಳಗಿಳಿಯುತ್ತದೆ. ಕಲ್ಲಿನ ಅಡಿಯಲ್ಲಿ ನುಣುಪಾದ ಬಿಳಿ, ಹಳದಿ, ನಸುಗೆಂಪು ಬಣ್ಣದ ಜೇಡಿಯಂಥ ಮಣ್ಣಿನ ಪದರ. ಕರಾವಳಿಯಲ್ಲಿ ಅದಕ್ಕೆ ಶೇಡಿ ಮಣ್ಣು ಎಂದು ಹೆಸರು. ಒಣಗಿದಾಗ ಶೇಡಿ ನೆಟ್ಟಗೆ ಗೋಡೆಯಂತೆ ನಿಲ್ಲುತ್ತದೆ. ಆದುದರಿಂದಲೇ ಬೇಸಿಗೆಯಲ್ಲಿ ಗುಡ್ಡವನ್ನು ನೆಟ್ಟಗೆ ಕಡಿದವರಿಗೆ ಅದು ನಿಂತೇ ಇರುತ್ತದೆಂಬ ಭ್ರಮೆ ಹುಟ್ಟುತ್ತದೆ. ನೀರು ಕುಡಿದ ಶೇಡಿ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಮೇಲಿನಿಂದ ಇಳಿದ ನೀರು ಈ ಪದರದ ಮೇಲೆ ನಿಂತು ಅಡ್ಡಲಾಗಿ ಹರಿದು ಇಳಿಜಾರಿನ ಬುಡದಲ್ಲಿ ಒಸರಾಗಿ ಹೊರಬರಬೇಕು. ಬುಡವೇ ಆ ಇಳಿಜಾರಿಗೆ ಊರುಗೋಲು. ರಸ್ತೆಗಾಗಿ ಬುಡವನ್ನು ಕಡಿದಾಗ ಊರುಗೋಲು ಹೋಗುತ್ತದೆ. ಒಸರಿನ ಬಾಯಿಗೆ ಮಣ್ಣು, ಕಾಂಕ್ರೀಟು ಮುಚ್ಚಿದಾಗ ನೀರು ಗುಡ್ಡದೊಳಗೇ ಏರುತ್ತದೆ. ಆಮೇಲೆ ಬೇಕಾದದ್ದು ಎಡೆಬಿಡದೆ ಸುರಿಯುವ ನಾಲ್ಕು ದಿನಗಳ ಮಳೆ ಮಾತ್ರ. ಹವಾಮಾನ ಬದಲಾದಂತೆ ಅಂಥ ಮಳೆ ಹಿಂದಿಗಿಂತ ಹೆಚ್ಚು ಸಲ ಬರುತ್ತಿದೆ. ಆದರೆ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಸುಲಭದ ದಾರಿ. ಒಂದೇ ಮಳೆಯಲ್ಲಿ ಕಡಿದ ಗುಡ್ಡವೂ ನೆನೆಯುತ್ತದೆ, ಕಡಿಯದ ಗುಡ್ಡವೂ ನೆನೆಯುತ್ತದೆ. ಯಾವುದು ಮೊದಲು ಜಾರುತ್ತದೆಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ.

ಮನೆ ಕಟ್ಟಲು ಧರೆ ಕಡಿಯುವ ಹಳೆಯ ತಲೆಮಾರಿನವರು ಒಂದೇ ನೆಟ್ಟಗೆ ಕಡಿಯುತ್ತಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಧರೆಯ ಮೇಲ್ಗಡೆ ಅಗಳು ತೋಡಿ ಗುಡ್ಡದ ನೀರನ್ನು ಬದಿಗೆ ತಿರುಗಿಸುತ್ತಿದ್ದರು. ತೋಟದ ಬಸಿಗಾಲುವೆಗಳನ್ನು ಮಳೆಗೆ ಮೊದಲು ತೆರೆದಿಡುತ್ತಿದ್ದರು. ಹೆದ್ದಾರಿಯ ತಾಂತ್ರಿಕ ಪುಸ್ತಕಗಳಲ್ಲಿಯೂ ಇರುವುದು ಹೆಚ್ಚುಕಡಿಮೆ ಇದೇ ಮಾತು: ಹಂತಹಂತದ ಕಡಿತ, ಮೇಲ್ಗಡೆ ನೀರಿನ ಕಾಲುವೆ, ಧರೆಯೊಳಗಿನ ನೀರು ಬಸಿಯಲು ಕೊಳವೆ. ತಿಳಿವಳಿಕೆಯ ಕೊರತೆ ಇಲ್ಲ. ಹಂತವಾಗಿ ಕಡಿಯಲು ಹೆಚ್ಚು ಜಾಗ ಬೇಕು, ಹೆಚ್ಚು ಹಣ ಬೇಕು, ಹೆಚ್ಚು ಕಾಲ ಬೇಕು, ಕೊರತೆ ಇವುಗಳದ್ದು.

ಶಿರೂರಿನ ಕುಸಿತಕ್ಕೆ ಮೂರು ವಾರ ತುಂಬುವಷ್ಟರಲ್ಲಿ, 2024ರ ಆಗಸ್ಟ್ 7ರ ನಡುರಾತ್ರಿ, ಕಾರವಾರ–ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು. ಅದರ ಚಾಲಕ ಬದುಕಿ ಉಳಿದ. ಸೇತುವೆಗಳಿಗೂ ಮುನ್ನ ಈ ಹೊಳೆಗಳನ್ನು ಜಂಗಲಿನ ಮೇಲೆ ಕಾರು ಏರಿಸಿ ದಾಟಬೇಕಿತ್ತು. ಹೊಳೆ ಉಕ್ಕಿದರೆ ದಡದಲ್ಲೇ ಕಾಯಬೇಕಿತ್ತು. ಆ ಕಾಲ ಮರಳಲಿ ಎಂದು ಯಾರೂ ಬಯಸುವುದಿಲ್ಲ. ಆದರೆ ಕಾಯುವ ಅಭ್ಯಾಸ ತಪ್ಪಿಹೋದದ್ದು ನಷ್ಟವೇ.

ಅಲ್ಲಿಂದ ದಕ್ಷಿಣಕ್ಕೆ ಹೆದ್ದಾರಿ ಮಂಗಳೂರು, ಕಾಸರಗೋಡುಗಳನ್ನು ಹಾದು ಮಲಬಾರನ್ನು ಹೊಗುತ್ತದೆ. ದಾರಿಯುದ್ದಕ್ಕೂ ಕಾಣುವುದು ಅದೇ ಕಡಿದ ಕೆಂಪು ಧರೆ. ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಬೇರೆ ಬಗೆಯ ಪಾಠ ದೊರೆಯಿತು. ಗದ್ದೆಬಯಲಿನ ಮೇಲೆ ಮಣ್ಣು ತುಂಬಿ ಎತ್ತರಿಸಿದ ಹೆದ್ದಾರಿ 2025ರ ಮೇ 19ರಂದು ಕುಸಿದು ಪಕ್ಕದ ಸೇವಾ ರಸ್ತೆಯ ಮೇಲೆ ಬಿತ್ತು. ಶಿರೂರಿನಲ್ಲಿ ಮಣ್ಣನ್ನು ತೆಗೆದದ್ದರಿಂದ ಬಂದ ಆಪತ್ತು ಇಲ್ಲಿ ಮಣ್ಣನ್ನು ಹೇರಿದ್ದರಿಂದ ಬಂತು. ಭತ್ತದ ಗದ್ದೆಯ ಅಡಿ ಮೆತ್ತನೆಯ ಕೆಸರು. ನೀರು ನಿಲ್ಲಿಸಿಕೊಳ್ಳುವುದೇ ಅದರ ಧರ್ಮ. ಅಂಥ ನೆಲದ ಮೇಲೆ ಕಂಬ ನಿಲ್ಲಿಸಿ ರಸ್ತೆಯನ್ನು ದಾಟಿಸಬಹುದು, ಗುಡ್ಡ ಕಟ್ಟಿ ದಾಟಿಸುವುದು ಕಷ್ಟವೆಂದು ಗದ್ದೆ ಉತ್ತ ಯಾರಾದರೂ ಹೇಳಬಲ್ಲರು.

ಇದೇ ಜಿಲ್ಲೆಯ ಅಂಗಾಡಿಪುರಂನಲ್ಲಿ ಚೀರೆಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಹುಟ್ಟಿತು. ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಈ ವೈದ್ಯ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾಗಳನ್ನು ಸುತ್ತಿದ. 1801ರ ಮಾರ್ಚಿನಲ್ಲಿ ಘಟ್ಟ ಹತ್ತಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಗಳನ್ನು ಕಂಡ. 1807ರಲ್ಲಿ ಅವನ ಪ್ರವಾಸದ ದಿನಚರಿ ಲಂಡನ್ನಿನಲ್ಲಿ ಮುದ್ರಣಗೊಂಡಿತು. ಅವನು ಆಳುವವರ ಕಣ್ಣಾಗಿ ಬಂದವನು, ಇದನ್ನು ಮರೆಯಬಾರದು. ಆದರೂ ದಕ್ಷಿಣ ಭಾರತವನ್ನು ಸುತ್ತುವ ಯಾರೇ ಆಗಲಿ ಅವನಿಂದ ಕಲಿಯಬಹುದಾದ ಒಂದು ಗುಣವಿದೆ: ನಿಂತ ಊರಿನಲ್ಲೆಲ್ಲ ಮಣ್ಣು ಯಾವುದು, ಗೊಬ್ಬರ ಯಾವುದು, ಅಡಿಕೆಗೆ ನೀರು ಎಲ್ಲಿಂದ ಎಂದು ಅಲ್ಲಿನ ಒಕ್ಕಲಿಗರನ್ನೇ ಕೇಳಿ ಬರೆದುಕೊಂಡ. ಅವನಿಗೆ ಒಂದು ವರ್ಷಕ್ಕೂ ಹೆಚ್ಚು ಬೇಕಾದ ಸುತ್ತನ್ನು ಕಾರು ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಉಳಿದ ಸಮಯವನ್ನು ಎಲ್ಲಿ ಖರ್ಚು ಮಾಡಲಾಗುತ್ತದೆಂಬುದು ಬೇರೆ ಪ್ರಶ್ನೆ.

ತಾಮರಶ್ಶೇರಿಯ ಒಂಬತ್ತು ತಿರುವುಗಳನ್ನು ಏರಿದರೆ ವಯನಾಡು. ಅಲ್ಲಿನ ಮುಂಡಕ್ಕೈ, ಚೂರಲ್‌ಮಲ ಊರುಗಳು 2024ರ ಜುಲೈ 30ರ ನಸುಕಿನಲ್ಲಿ ಮಣ್ಣಿನಡಿಯಾದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಶಿರೂರಿಗೂ ಅದಕ್ಕೂ ಎರಡೇ ವಾರಗಳ ಅಂತರ.

ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆಗೆ ಬರುವ ಹೆದ್ದಾರಿ ಬಂಡೀಪುರದ ಕಾಡನ್ನು ಹಾದು ಬರುತ್ತದೆ. ಇಲ್ಲಿ ಒಂಟಿ ಚಾಲಕ ಗಡಿಯಾರ ನೋಡಬೇಕಾಗುತ್ತದೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ. ವಾಹನಗಳಿಗೆ ಸಿಕ್ಕಿ ವನ್ಯಪ್ರಾಣಿಗಳು ಸಾಯುತ್ತಿದ್ದ ಕಾರಣಕ್ಕೆ 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಡಳಿತ ಈ ನಿರ್ಬಂಧ ತಂದಿತು. 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆಮೇಲೆ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ವಯನಾಡಿನ ರೈತರು, ವ್ಯಾಪಾರಿಗಳು ಇದನ್ನು ವಿರೋಧಿಸಿದ್ದಾರೆ. ತರಕಾರಿ ತರುವವರ, ರೋಗಿಗಳನ್ನು ಮೈಸೂರಿಗೆ ಒಯ್ಯುವವರ ಕಷ್ಟವನ್ನು ತಳ್ಳಿಹಾಕುವಂತಿಲ್ಲ. ಆಂಬುಲೆನ್ಸುಗಳಿಗೆ, ಗೊತ್ತಾದ ಕೆಲವು ಬಸ್ಸುಗಳಿಗೆ ವಿನಾಯಿತಿ ಕೊಟ್ಟಿರುವುದು, ಹುಣಸೂರು–ಗೋಣಿಕೊಪ್ಪ–ಕುಟ್ಟ–ಮಾನಂದವಾಡಿಯ ಬದಲಿ ದಾರಿಯನ್ನು ಸರಿಪಡಿಸಿದ್ದು ಆ ಕಷ್ಟವನ್ನು ಒಪ್ಪಿಕೊಂಡದ್ದರ ಗುರುತು. ಹೆದ್ದಾರಿ ಎಂದರೆ ಹಗಲಿರುಳು ಓಡಲೇಬೇಕು ಎಂಬ ವಾದಕ್ಕೆ ಬಂಡೀಪುರದ ಗೇಟು ಉತ್ತರವಾಗಿದೆ. ಆನೆಗಾಗಿ ರಾತ್ರಿ ಒಂಬತ್ತು ಗಂಟೆ ನಿಲ್ಲಬಲ್ಲ ರಸ್ತೆ, ಭಾರಿ ಮಳೆಯ ಎಚ್ಚರಿಕೆ ಬಂದ ದಿನ ಶಿರೂರಿನಂಥ ಧರೆಯ ಬುಡದಲ್ಲಿ ಮನುಷ್ಯನಿಗಾಗಿ ನಿಲ್ಲಬಾರದೇಕೆ? ಘಟ್ಟಗಳಲ್ಲಿ ಮಳೆ ಅಳೆಯುವ ಮಾಪಕ, ನಿಗದಿತ ಪ್ರಮಾಣ ಮೀರಿದರೆ ಗೇಟು ಹಾಕುವ ಅಧಿಕಾರ, ಕಾಯುವವರಿಗೆ ಸುರಕ್ಷಿತ ತಂಗುದಾಣ. ಇವು ಸುರಂಗ, ಮೇಲ್ಸೇತುವೆಗಳ ಮುಂದೆ ಅಲ್ಪ ಖರ್ಚಿನವು.

ಮೈಸೂರಿನಿಂದ ಮುಂದಿನ ದಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಚಿತ್ರದುರ್ಗ, ದಾವಣಗೆರೆ, ಹಾವೇರಿಗಳನ್ನು ಹೆದ್ದಾರಿ ನೇರವಾಗಿ ಪೋಣಿಸಿದೆ; ಇಲ್ಲಿ ಚಾಲಕನ ಶತ್ರು ಗುಡ್ಡವಲ್ಲ, ತೂಕಡಿಕೆ. ಆದರೆ ಮನೆಯ ಬಾಗಿಲಲ್ಲೇ ಒಂದು ಎಚ್ಚರಿಕೆ ಕಾದಿದೆ. ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ–ಧಾರವಾಡ ಬೈಪಾಸ್, ಎರಡೂ ಕಡೆ ಚತುಷ್ಪಥವಿದ್ದರೂ ತಾನು ಮಾತ್ರ ಬಹುಕಾಲ ಎರಡೇ ಪಥದ್ದಾಗಿ ಉಳಿದಿತ್ತು. 2021ರ ಜನವರಿ 15ರಂದು ಇಟಿಗಟ್ಟಿಯ ಬಳಿ ಗೋವೆಗೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವಾಹನಕ್ಕೆ ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಗಲೀಕರಣದ ಕೂಗಿಗೆ ಬಲ ಬಂದದ್ದು ಆ ಬಳಿಕ. ಬಯಲಿನಲ್ಲಿ ರಸ್ತೆ ಅಗಲವಾಗಬೇಕಾದಲ್ಲಿ ಆಗಲೇಬೇಕು. ಮಲೆನಾಡಿನವರು ಎಲ್ಲ ರಸ್ತೆಗೂ ಅಡ್ಡ ನಿಲ್ಲುತ್ತಾರೆಂಬ ಆರೋಪ ಸರಿಯಲ್ಲ. ಬೈಪಾಸಿನ ಅಳತೆಯನ್ನೇ ಅರಬೈಲಿಗೆ ಒಯ್ಯಬಾರದೆಂಬುದಷ್ಟೇ ವಾದ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ಉಳಿದಿದೆ. ಇಡಗುಂದಿಯಿಂದ ಗುಳ್ಳಾಪುರ, ರಾಮನಗುಳಿ, ಸುಂಕಸಾಳದವರೆಗೆ ಮಳೆಗಾಲಕ್ಕೆ ಮುನ್ನ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ರಸ್ತೆಬದಿಯಲ್ಲಿ ಗುಂಪಾಗಿ ನಡೆದು ನೋಡಬೇಕು. ಮೋರಿಗಳೆಷ್ಟು, ಅವುಗಳಲ್ಲಿ ಬಾಯಿ ಕಟ್ಟಿದವು ಯಾವುವು. ಧರೆಯಲ್ಲಿ ಹೊಸ ಒಸರು ಎಲ್ಲಿ ಕಾಣಿಸಿದೆ, ಹಳೆಯ ಒಸರು ಎಲ್ಲಿ ಹಠಾತ್ತನೆ ನಿಂತಿದೆ ಅಥವಾ ಕೆಂಪಾಗಿದೆ. ಗುಡ್ಡದ ನೆತ್ತಿಯಲ್ಲಿ ಕಮಾನಿನಂತೆ ಬಿರುಕು ಬಿಟ್ಟಿದೆಯೇ. ಮರಗಳು, ವಿದ್ಯುತ್ ಕಂಬಗಳು ವಾಲಿವೆಯೇ. ಕಡಿದ ಧರೆಯ ಬುಡದಲ್ಲಿ ಯಾರ ಅಂಗಡಿ, ಯಾರ ಮನೆ ಇದೆ. ಇವನ್ನು ದಿನಾಂಕದೊಡನೆ ಬರೆದು ಒಂದು ಪ್ರತಿಯನ್ನು ಗ್ರಾಮ ಪಂಚಾಯತಿಗೆ, ಒಂದನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಅಪಾಯದ ಧರೆಗಳ ಪಟ್ಟಿಯ ಇನ್ನೊಂದು ಪ್ರತಿಯನ್ನು ಗೋಕುಲ ರಸ್ತೆ ನಿಲ್ದಾಣದ ಬಸ್ ಚಾಲಕರ ಕೈಗೂ ಕೊಡಬಹುದು. ಕಾರವಾರ, ಅಂಕೋಲೆ, ಕುಮಟೆಯ ಬಸ್ಸುಗಳನ್ನು ದಿನವೂ ಆ ಧರೆಗಳ ಅಡಿಯಲ್ಲಿ ಓಡಿಸುವವರು ಅವರೇ.